ಅಪ್ಪಯ್ಯ ಬರೆಯದೆ ಬಿಟ್ಟ ಶಬ್ದ

ನಾನು ಕಾನೂನು ಓದುತ್ತಿದ್ದ ಕೊನೆಯ ವರ್ಷ, ಎರಡು ಸಾವಿರದ ಐದೋ ಆರೋ ಇರಬೇಕು, ನನಗೊಂದು ಪ್ರಶಸ್ತಿ ಬಂತು. ಬೆಂಗಳೂರಿನ ವಕೀಲರ ಒಂದು ಬಳಗ ವರ್ಷಕ್ಕೊಮ್ಮೆ ಕಾನೂನು ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಪ್ರಶಸ್ತಿ ಅದು. ‘ಲೈಂಗಿಕ ಅಲ್ಪಸಂಖ್ಯಾತರ ಸೇವೆಯಲ್ಲಿ ತೋರಿದ ನಾಯಕತ್ವಕ್ಕಾಗಿ’ ಎಂದು ಫಲಕದ ಮೇಲೆ ಬರೆದಿತ್ತು. ಗಂಡಸರನ್ನು ಪ್ರೀತಿಸುವ ಗಂಡಸರು, ಹೆಂಗಸರನ್ನು ಪ್ರೀತಿಸುವ ಹೆಂಗಸರು, ಗಂಡೆಂದು ಹುಟ್ಟಿ ಹೆಣ್ಣಾಗಿ ಬದುಕುವವರು, ಇವರೆಲ್ಲರನ್ನೂ ಒಟ್ಟಿಗೆ ಹೇಳಲು ಆಗ ಕನ್ನಡದಲ್ಲಿದ್ದ ಮರ್ಯಾದೆಯ ಮಾತು ಹೆಚ್ಚುಕಡಿಮೆ ಅದೊಂದೇ. ನಾಯಕತ್ವ ಎಂದದ್ದು ಮಾತ್ರ ತೀರ ದೊಡ್ಡ ಮಾತಾಯಿತು. ನಾನು ಮಾಡಿದ್ದು ಶನಿವಾರ ಮಧ್ಯಾಹ್ನ ಒಂದು ಮಹಡಿ ಕೋಣೆಯಲ್ಲಿ ಕೂತು ಅರ್ಜಿ ಬರೆದುಕೊಟ್ಟದ್ದು, ಕರಪತ್ರ ಜೆರಾಕ್ಸ್ ಮಾಡಿಸಿದ್ದು, ಹಿರಿಯ ವಕೀಲೆಯೊಬ್ಬರ ಹಿಂದೆ ಫೈಲು ಹಿಡಿದುಕೊಂಡು ಪೊಲೀಸ್ ಸ್ಟೇಷನ್ನುಗಳಿಗೆ ಹೋಗಿ ಬೆಂಚಿನ ಮೇಲೆ ಕಾದದ್ದು. ನನ್ನ ಜೊತೆ ಪ್ರಶಸ್ತಿ ಪಡೆದ ಇನ್ನೊಬ್ಬ ಹುಡುಗಿ ನನಗಿಂತ ಹೆಚ್ಚು ಕೆಲಸ ಮಾಡಿದ್ದಳು. ಅವಳಿಗೂ ಅದೇ ಫಲಕ, ಅದೇ ಹೂಗುಚ್ಛ.

ಪರೀಕ್ಷೆ ಮುಗಿದಿತ್ತು. ಫಲಿತಾಂಶ ಬರುವವರೆಗೆ ಇರಲೆಂದು ನಮ್ಮೂರು ಕೊಪ್ಪಕ್ಕೆ ಬಂದೆ. ಅಪ್ಪಯ್ಯ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದವರು. ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಇಡೀ ತಾಲ್ಲೂಕಿಗೆ ಗೊತ್ತು. ಊರಿನವರ ಅರ್ಜಿ, ಅಹವಾಲು, ಮದುವೆ ಕರೆಯೋಲೆಯ ಒಕ್ಕಣೆ ಎಲ್ಲ ಅವರ ಕೈಯಿಂದಲೇ ಆಗಬೇಕು. ನಾನು ತಂದ ಫೋಟೋ ಮತ್ತು ಬಳಗದವರ ಪ್ರಕಟಣೆಯನ್ನು ಅವರು ಎರಡು ಸಲ ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡು ಇನ್ನೊಂದು ಸಲ ಓದಿದರು. ಆಮೇಲೆ ಬಿಳಿ ಹಾಳೆ ತೆಗೆದು ಸುದ್ದಿಯನ್ನು ತಮ್ಮ ಕೈಯಲ್ಲಿ ಚೊಕ್ಕಟವಾಗಿ ನಕಲು ಮಾಡಿ, ಫೋಟೋ ಸ್ಟುಡಿಯೋ ಇಟ್ಟುಕೊಂಡು ಪತ್ರಿಕೆಗೂ ವರದಿ ಕಳಿಸುತ್ತಿದ್ದವರೊಬ್ಬರಿಗೆ ಕೊಟ್ಟು ಬಂದರು. ನಾನು ನೋಡುತ್ತೇನೆ ಎಂದರೆ, “ನಾ ಬರ್ದಿದ್ದರಲ್ಲಿ ಎಂತ ತಪ್ಪಿರ್ತದೆ ಮಾರಾಯ್ತಿ?” ಎಂದರು.

ನಾಲ್ಕನೆಯ ದಿನ ಜಿಲ್ಲಾ ಪುಟದಲ್ಲಿ ಸುದ್ದಿ ಬಂತು. ‘ಅಲ್ಪಸಂಖ್ಯಾತರ ಸೇವೆ: ಕೊಪ್ಪದ ವಿದ್ಯಾರ್ಥಿನಿಗೆ ಪ್ರಶಸ್ತಿ.’

ಒಂದೇ ಒಂದು ಶಬ್ದ ಬಿಟ್ಟುಹೋಗಿತ್ತು. ನನಗೆ ಮೈ ಉರಿದುಹೋಯಿತು. ಅಪ್ಪಯ್ಯ ಶಾಂತವಾಗಿ, “ನಾನೇನು ಸುಳ್ಳು ಬರೀಲಿಲ್ಲ. ಒಂದು ಶಬ್ದ ಬಿಟ್ಟೆ, ಅಷ್ಟೆ. ಅದನ್ನ ನನ್ನ ಕೈಯಾರೆ ಬರ್ದು ಆ ಸ್ಟುಡಿಯೋದವನ ಕೈಗೆ ಹೆಂಗೆ ಕೊಡ್ಲಿ? ಬಸ್‌ಸ್ಟ್ಯಾಂಡ್ ಹೋಟ್ಲಲ್ಲಿ ಪೇಪರ್ ಗಟ್ಟಿಯಾಗಿ ಓದ್ತಾರೆ” ಎಂದರು. ಅಮ್ಮ ಒಳಗಿನಿಂದಲೇ, “ನಿಂಗೆ ಇನ್ನೂ ಮದುವೆ ಆಗ್ಲಿಲ್ಲ ಅಂತ ನೆನಪಿರ್ಲಿ” ಎಂದಳು. ಅಲ್ಲಿಗೆ ಆ ವಿಷಯ ಮುಗಿಯಿತು.

ಸುದ್ದಿಯ ಜೊತೆ ಅಚ್ಚಾದ ಫೋಟೋ ಮಾತ್ರ ಅಪ್ಪಯ್ಯನ ಕೈಮೀರಿತ್ತು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಆ ಶಬ್ದ ದೊಡ್ಡದಾಗಿಯೇ ಇತ್ತು. ಆದರೆ ನನ್ನ ತಲೆ ಅದರ ಮೊದಲ ಅಕ್ಷರವನ್ನು ಮುಚ್ಚಿ, ಕಿವಿಯ ಪಕ್ಕ ‘ಗಿಕ’ ಎನ್ನುವಷ್ಟು ಮಾತ್ರ ಕಾಣುತ್ತಿತ್ತು. ಅಪ್ಪಯ್ಯನ ಜೊತೆ ಸಂಜೆ ವಾಕಿಂಗ್ ಹೋಗುವ ನಿವೃತ್ತ ಮೇಷ್ಟರೊಬ್ಬರು ಅದನ್ನು ಬಹಳ ಹೊತ್ತು ನೋಡಿ, “ಪ್ರಾಯೋಗಿಕ ಅಲ್ಪಸಂಖ್ಯಾತರು ಅಂದ್ರೆ ಎಂತದು?” ಎಂದು ಕೇಳಿದರು. ಅಪ್ಪಯ್ಯ, “ಸರ್ಕಾರದ್ದು ಏನೋ ಸ್ಕೀಮು” ಎಂದುಬಿಟ್ಟರು.

ಅದು ಅಲ್ಲಿಗೇ ನಿಲ್ಲಲಿಲ್ಲ. ವಾರದೊಳಗೆ ನರಸಿಂಹರಾಜಪುರದಿಂದ ಫೋನು ಬಂತು. ಅಲ್ಲಿನ ವರ್ತಕರು ಕೆಲವರು, ಹೆಚ್ಚಿನವರು ಮುಸ್ಲಿಮರು, ಸೇರಿ ನನಗೊಂದು ಸನ್ಮಾನ ಇಟ್ಟುಕೊಂಡಿದ್ದಾರಂತೆ. ನಾನು ಬೇಡ ಬೇಡ ಎನ್ನುತ್ತಿದ್ದ ಹಾಗೆಯೇ ಅಪ್ಪಯ್ಯ ಫೋನು ಕಸಿದುಕೊಂಡು, “ಆಗ್ಲಿ, ಖಂಡಿತ ಬರ್ತೇವೆ” ಎಂದು ಒಪ್ಪಿಕೊಂಡರು. ಎಂಥ ಪೇಚು ನೋಡಿ! ಸತ್ಯ ಹೇಳಿದರೆ ಅಪ್ಪನ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಮುಗ್ಧ ಜನಕ್ಕೆ ಮೋಸ. ನಾನು ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಸೀರೆ ಉಟ್ಟು ಬಸ್ಸು ಹತ್ತಿದೆ.

ಬಟ್ಟೆ ಅಂಗಡಿಯ ಮೇಲಿನ ಸಭಾಂಗಣದಲ್ಲಿ ಕಾರ್ಯಕ್ರಮ. ಅಂಗಡಿಯ ಯಜಮಾನರಾದ ವಯಸ್ಸಾದ ಸಾಹೇಬರು ಶಾಲು ಹೊದಿಸಿ ಹಾರ ಹಾಕಿ, “ನಮ್ಮಂಥೋರ ಕಷ್ಟಕ್ಕೆ ಆಗೋ ಮಕ್ಕಳು ನಮ್ಮ ಪಕ್ಕದ ತಾಲ್ಲೂಕಲ್ಲೇ ಇದಾರೆ ಅಂತ ಈಗ ಗೊತ್ತಾಯ್ತು” ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಕೈಮುಗಿದುಕೊಂಡು ಭೂಮಿ ಬಾಯಿಬಿಡಬಾರದೇ ಎಂದುಕೊಳ್ಳುತ್ತಿದ್ದೆ. ಭಾಷಣದಲ್ಲಿ ಏನು ಹೇಳಿದೆನೋ, ಕಾನೂನು ಎಲ್ಲರಿಗೂ ಒಂದೇ ಎಂದೇನೋ ಹೇಳಿ ಕೂತೆ. ಆಮೇಲೆ ಹತ್ತಾರು ಮಂದಿ ಮಕ್ಕಳ ಸ್ಕಾಲರ್‌ಶಿಪ್ ಫಾರಂ ತಂದರು. ಅದನ್ನಾದರೂ ನೆಟ್ಟಗೆ ತುಂಬಿಕೊಟ್ಟೆ.

ಬಂದವರೆಲ್ಲರೂ ಊಟ ಮಾಡುವಂತಾಗಲಿ ಎಂದು ಅವರು ಕೊಪ್ಪದಿಂದ ಅಡುಗೆ ಭಟ್ಟರನ್ನು ಕರೆಸಿದ್ದರು. ಬಂದವರು ಖಾರ ಭಟ್ಟರು. ನಮ್ಮ ಕಡೆ ಊಟದ ಮನೆಗಳಲ್ಲಿ ಇಬ್ಬರು ಭಟ್ಟರು ಯಾವತ್ತೂ ಜೊತೆಯಲ್ಲೇ ಇರುತ್ತಿದ್ದರು. ಹೋಳಿಗೆ, ಪಾಯಸ, ಲಾಡು ಮಾಡುವವರು ಸಿಹಿ ಭಟ್ಟರು, ಸಾರು, ಹುಳಿ, ಪಲ್ಯ ಮಾಡುವವರು ಖಾರ ಭಟ್ಟರು. ಕೊಪ್ಪದಲ್ಲಿ ಒಂದೇ ಬಾಡಿಗೆ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದರು. ಜೋಡಿ ಭಟ್ಟರು ಎಂದು ಊರು ಕರೆಯುತ್ತಿತ್ತು, ಕರೆದು ಸಣ್ಣಗೆ ನಗುತ್ತಿತ್ತು, ನಕ್ಕು ತನ್ನ ಮನೆಯ ಮದುವೆಗೆ ಅವರನ್ನೇ ಗೊತ್ತುಮಾಡುತ್ತಿತ್ತು. ಅದಕ್ಕಿಂತ ಹೆಚ್ಚು ಯಾರೂ ಕೇಳಿದವರಲ್ಲ, ನಾನೂ ಸೇರಿ. ಬೆಂಗಳೂರಿನ ಮಹಡಿ ಕೋಣೆಯಲ್ಲಿ ಎಲ್ಲ ತಿಳಿದವಳಂತೆ ಕೂರುತ್ತಿದ್ದ ನನಗೆ, ಚಿಕ್ಕಂದಿನಿಂದ ಅವರ ಕೈ ಊಟ ಉಂಡಿದ್ದರೂ, ಅವರಿಬ್ಬರ ವಿಷಯ ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ.

ಆ ದಿನ ಖಾರ ಭಟ್ಟರು ಒಬ್ಬರೇ ಇದ್ದರು. ಊಟ ಮುಗಿದು ನಾನು ಕೈ ತೊಳೆಯಲು ಹಿಂದಿನ ತೊಟ್ಟಿಯ ಹತ್ತಿರ ಹೋದಾಗ ಅವರು ಪಾತ್ರೆ ಬಿಟ್ಟು ಎದ್ದು ಬಂದರು. ಜೇಬಿನಿಂದ ಮಡಿಸಿದ ಪತ್ರಿಕೆಯ ತುಂಡು ತೆಗೆದು, ನನ್ನ ಕಿವಿಯ ಪಕ್ಕದ ‘ಗಿಕ’ದ ಮೇಲೆ ಬೆರಳಿಟ್ಟರು.

“ತಂಗೀ, ಇಲ್ಲೊಂದು ಶಬ್ದ ಬಿಟ್ಟುಹೋಗಿದೆ ಅಲ್ವಾ?”

ನಾನು ಹೌದೆಂದೆ.

“ನಂಗೆ ನೋಡಿದ ಕೂಡ್ಲೇ ಗೊತ್ತಾಯ್ತು” ಎಂದರು. ಆಮೇಲೆ ಒಂದೇ ಉಸಿರಿಗೆ ವಿಷಯ ಹೇಳಿದರು. ಎರಡು ತಿಂಗಳ ಹಿಂದೆ ಹರಿಹರಪುರದಲ್ಲಿ ಒಂದು ಉಪನಯನದ ಅಡುಗೆಯಲ್ಲಿ ಪಾಕ ಕೈಯಾಡಿಸುತ್ತಿದ್ದ ಸಿಹಿ ಭಟ್ಟರು ಹಾಗೇ ಕುಸಿದರು. ಪಾರ್ಶ್ವವಾಯು. ಮಾತು ಹೋಯಿತು, ಬಲಗಡೆ ಸ್ವಾಧೀನ ತಪ್ಪಿತು. ಆಸ್ಪತ್ರೆಗೆ ಸೇರಿಸಿದ್ದು, ಹನ್ನೊಂದು ದಿನ ಹಾಸಿಗೆ ಪಕ್ಕ ಕೂತದ್ದು ಇವರೇ. ಹನ್ನೆರಡನೆಯ ದಿನ ಶೃಂಗೇರಿ ಆಚೆಯ ನೆಮ್ಮಾರಿನಿಂದ ಸಿಹಿ ಭಟ್ಟರ ಅಣ್ಣ ಮತ್ತು ತಮ್ಮ ಬಂದು ಮನೆಗೆ ಕರೆದುಕೊಂಡು ಹೋದರು. ಆಮೇಲೆ ಇವರು ಮೂರು ಸಲ ನೆಮ್ಮಾರಿಗೆ ಹೋದರೂ ಜಗಲಿಯಿಂದ ಒಳಗೆ ಬಿಡಲಿಲ್ಲ.

“ಜಗಳ ಬೇಡ ತಂಗಿ. ಪಾಲೂ ಬೇಡ, ಎಂತದೂ ಬೇಡ. ಒಂದ್ಸಲ ಒಳಗೆ ಹೋಗಿ ನೋಡ್ಬೇಕು, ಅಷ್ಟೆ. ನಿಮ್ಮ ಕಾನೂನಲ್ಲಿ ಅದಕ್ಕೊಂದು ಕಾಗ್ದ ಇರ್ತದಲ್ಲ, ಅದನ್ನ ಮಾಡಿಕೊಡಿ.”

ಮಾಡಿಕೊಡುತ್ತೇನೆ ಎಂದೆ. ಯಾವ ಧೈರ್ಯದಿಂದ ಹೇಳಿದೆನೋ! ಹೊದಿಸಿದ ಶಾಲು ಇನ್ನೂ ಹೆಗಲ ಮೇಲೇ ಇತ್ತು.

ಮನೆಗೆ ಬಂದು ಪುಸ್ತಕ ಬಿಚ್ಚಿದೆ. ಬೆಂಗಳೂರಿನ ಹಿರಿಯ ವಕೀಲೆಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. ಅವರು ತಾಳ್ಮೆಯಿಂದ ಕೇಳಿ, ಹೈಕೋರ್ಟಿಗೆ ಅರ್ಜಿ ಹಾಕಲು ಅಡ್ಡಿಯಿಲ್ಲ, ಆದರೆ ಮೊದಲ ಪ್ರಶ್ನೆಯೇ ಅರ್ಜಿದಾರ ರೋಗಿಗೆ ಏನಾಗಬೇಕು ಎಂಬುದು ಎಂದರು. ಗೆಳೆಯ ಎಂದು ಬರೆದರೆ, ಒಡಹುಟ್ಟಿದವರು ನೋಡಿಕೊಳ್ಳುತ್ತಿರುವಾಗ ಗೆಳೆಯನದೇನು ಎನ್ನುತ್ತಾರೆ. ಗೆಳೆಯನಿಗಿಂತ ಹೆಚ್ಚು ಎಂದು ಬರೆದರೆ, ಅದು ಶಿಕ್ಷೆಯಾಗುವ ಅಪರಾಧ ಎನ್ನುವ ಮುನ್ನೂರ ಎಪ್ಪತ್ತೇಳನೆಯ ಕಲಮು ಆಗಿನ್ನೂ ಗಟ್ಟಿಯಾಗಿತ್ತು. ಮಾತು ಬರುವಂತಿದ್ದರೆ ಸಿಹಿ ಭಟ್ಟರೇ ಹೇಳಬಹುದಿತ್ತು, ಮಾತು ಹೋಗಿದೆ. “ಒಮ್ಮೆ ನೀನೇ ಹೋಗಿ ಒಳ್ಳೆ ಮಾತಲ್ಲಿ ಕೇಳಿ ನೋಡು” ಎಂದು ಅವರು ಫೋನಿಟ್ಟರು. ನಾನು ಆದರೂ ಒಂದು ಅರ್ಜಿ ಬರೆಯಲು ಕೂತೆ. ‘ಸಂಬಂಧ’ ಎನ್ನುವ ಕಡೆ ಪೆನ್ನು ನಿಂತಿತು. ಐದು ವರ್ಷ ಓದಿದ ಕಾನೂನಿನಲ್ಲಿ ಆ ಜಾಗಕ್ಕೆ ಬರೆಯಲು ಒಂದು ಪದ ನನಗೆ ಸಿಗಲಿಲ್ಲ.

ಆ ಸಿಟ್ಟಿನಲ್ಲೋ ನಾಚಿಕೆಯಲ್ಲೋ ಅದೇ ಬೂತಿನಿಂದ ನರಸಿಂಹರಾಜಪುರದ ಸಾಹೇಬರಿಗೆ ಫೋನು ಮಾಡಿ ನಿಜ ಹೇಳಿಬಿಟ್ಟೆ. ಭಟ್ಟರ ವಿಷಯವಲ್ಲ, ಪ್ರಶಸ್ತಿಯದು. ಶಾಲು ವಾಪಸು ಕಳಿಸುತ್ತೇನೆ ಎಂದೆ. ಸಾಹೇಬರು, “ಅವ್ರೂ ಕಮ್ಮಿ ಜನಾನೇ ಅಲ್ವಾಮ್ಮ? ಇರ್ಲಿ, ಶಾಲು ಇಟ್ಕೊಳ್ಳಿ” ಎಂದರು. ಅಂಗಡಿಯಲ್ಲಿ ಗಿರಾಕಿ ಇದ್ದಾರೆಂದು ಫೋನು ಇಟ್ಟರು. ಅಷ್ಟು ಸಲೀಸಾಗಿ ಮುಗಿಯುವ ಮಾತಿಗೆ ನಾನು ಎರಡು ವಾರ ಒದ್ದಾಡಿದ್ದೆ.

ಒಂದು ಬುಧವಾರ ಖಾರ ಭಟ್ಟರ ಜೊತೆ ನೆಮ್ಮಾರಿಗೆ ಹೊರಟೆ. ಅಪ್ಪಯ್ಯನಿಗೆ ಶೃಂಗೇರಿ ದೇವಸ್ಥಾನಕ್ಕೆ ಎಂದು ಹೇಳಿದೆ. ಭಟ್ಟರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಗಡ್ಡ ಹೆರೆದಿದ್ದರು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಶೃಂಗೇರಿಯಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಅವರು ಸಿಹಿ ಭಟ್ಟರ ಮೇಲೆ ದೂರು ಹೇಳುತ್ತಲೇ ಇದ್ದರು. ಸ್ನಾನಕ್ಕೆ ಗಂಟೆಗಟ್ಟಲೆ ಬೇಕು, ಹೇಳಿದ ಔಷಧಿ ತಗೊಳ್ಳೋದಿಲ್ಲ, ಹಠ. “ಎಡಗಡೆ ಮಗ್ಗುಲಾಗಿ ಮಲಗಿಸಿದ್ರೆ ಮಾತ್ರ ನಿದ್ದೆ. ಇದು ಅವ್ರಿಗೆ ಗೊತ್ತುಂಟೋ ಇಲ್ವೋ” ಎಂದರು. ಗಂಡನ ಮೇಲೆ ಹೆಂಡತಿ ಹೇಳುವ ದೂರೂ ಇದೇ ಅಲ್ಲವೇ ಎಂದು ನನಗೆ ಅನ್ನಿಸಿತು.

ನೆಮ್ಮಾರಿನ ಮನೆಯಲ್ಲಿ ಅಣ್ಣ ಜಗಲಿಯಲ್ಲೇ ಇದ್ದರು. ಬನ್ನಿ ಬನ್ನಿ ಎಂದು ಚಾಪೆ ಹಾಕಿದರು, ಬೆಲ್ಲ ನೀರು ಕೊಟ್ಟರು, ಕಾಫಿ ಬಂತು. ಅವಮಾನ ಮಾಡಿದ್ದರೆ ಜಗಳವಾಡಬಹುದಿತ್ತು. ಉಪಚಾರದ ಎದುರು ಏನು ಮಾಡುವುದು? ನಾನು ನಿಧಾನವಾಗಿ, ಭಟ್ಟರು ಒಂದೇ ಒಂದು ಸಲ ನೋಡಿ ಹೋಗುತ್ತಾರೆ ಎಂದೆ.

“ಡಾಕ್ಟ್ರು ಯಾರನ್ನೂ ಬಿಡ್ಬೇಡಿ ಅಂದಿದಾರೆ. ಜನ ನೋಡಿದ್ರೆ ಮನಸ್ಸಿಗೆ ತೆಗೊಳ್ತಾನೆ” ಎಂದರು ಅಣ್ಣ. ಅವರು ಹಾಗೆ ಹೇಳುವಾಗಲೇ ಒಳಗಿನಿಂದ ತೀರ್ಥಹಳ್ಳಿ ಕಡೆಯ ನೆಂಟರಿಬ್ಬರು ರೋಗಿಯನ್ನು ನೋಡಿಕೊಂಡು ಹೊರಗೆ ಬಂದರು, ಕಣ್ಣೊರೆಸಿಕೊಳ್ಳುತ್ತ. ಖಾರ ಭಟ್ಟರು ಕಾಫಿ ಲೋಟವನ್ನೇ ನೋಡುತ್ತಿದ್ದರು.

ನಾನು, ರೋಗಿಗೆ ಯಾರನ್ನು ನೋಡಬೇಕೆನ್ನುವ ಹಕ್ಕು ಇರುತ್ತದೆ ಎಂದು ಶುರುಮಾಡಿದೆ. ಅಣ್ಣ ನನ್ನ ಮುಖವನ್ನೇ ನೋಡಿ, “ನಿಮ್ಮದು ಪೇಪರಲ್ಲಿ ಬಂದಿತ್ತಲ್ವಾ? ಅಲ್ಪಸಂಖ್ಯಾತರ ಕೆಲ್ಸ ಮಾಡ್ತೀರಿ ಅಂತ?” ಎಂದರು. ಹೌದು ಎಂದೆ.

“ಅಲ್ಲಾ ಮಾರಾಯ್ರೆ, ಇಲ್ಲಿ ಅಲ್ಪಸಂಖ್ಯಾತರು ಯಾರಿದಾರೆ?”

ಅವರ ದನಿಯಲ್ಲಿ ಕುಹಕವಿರಲಿಲ್ಲ, ಅಥವಾ ಇತ್ತೋ. ನಾನು ಈಗಲೂ ನಿರ್ಧರಿಸಲಾರೆ. ಬಿಟ್ಟುಹೋದ ಶಬ್ದ ನನ್ನ ನಾಲಗೆಯ ತುದಿಯಲ್ಲಿತ್ತು. ಹೇಳಿದರೆ ಆ ಜಗಲಿಯ ಮೇಲೆ, ನೆಂಟರ ಎದುರು, ಇಪ್ಪತ್ತು ವರ್ಷ ಇಬ್ಬರೂ ಬಾಯಿಬಿಡದೆ ಕಾಪಾಡಿಕೊಂಡದ್ದನ್ನು ನಾನು ಬಿಚ್ಚಿ ಹಾಕಿದಂತೆ. ಖಾರ ಭಟ್ಟರಿಗೆ ಮುಂದೆ ಯಾವ ಮನೆಯ ಅಡುಗೆಯೂ ಸಿಗದು. ಒಳಗೆ ಮಲಗಿದವರನ್ನು ನಾಳೆಯಿಂದ ಇದೇ ಮನೆಯವರು ಹೇಗೆ ನೋಡಿಕೊಂಡಾರೋ! ಹೇಳದಿದ್ದರೆ ಒಳಗೆ ಹೋಗಲು ಬೇರೆ ಯಾವ ಕಾರಣವೂ ನನ್ನ ಹತ್ತಿರ ಇಲ್ಲ. ಭಟ್ಟರು ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿದರು. ಹೇಳು ಎಂದಿದ್ದರೋ, ಬೇಡ ಎಂದಿದ್ದರೋ ತಿಳಿಯಲಿಲ್ಲ.

“ನಾನು ಸುಮ್ನೆ ಜೊತೆಗೆ ಬಂದೆ” ಎಂದೆ.

ಅವರನ್ನು ಕಾಪಾಡಲು ಹಾಗೆ ಹೇಳಿದೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಹೆದರಿಕೆಯೂ ಇತ್ತು. ಆ ಅಣ್ಣನ ಮುಂದೆ, ಆ ನೆಂಟರ ಮುಂದೆ ಆ ಮಾತನ್ನು ಬಾಯಲ್ಲಿ ಆಡಲು ನನಗೂ ನಾಚಿಕೆಯಾಗಿತ್ತು. ಅಪ್ಪಯ್ಯನ ಮೇಲೆ ಹಾರಾಡಿದವಳು ನಾನೇ.

ಏಳುವಾಗ ಖಾರ ಭಟ್ಟರು ಡಬ್ಬಿಯನ್ನು ಜಗಲಿಯಲ್ಲಿಟ್ಟರು. ಆಮೇಲೆ ಬಾಗಿಲ ಕಡೆ ತಿರುಗಿ, ಊಟದ ಮನೆಯಲ್ಲಿ ಸಾರು ಬೇಕೇ ಎಂದು ಕೂಗುವಷ್ಟು ಗಟ್ಟಿಯಾಗಿ, “ಹೋಗಿ ಬರ್ತೇನೆ!” ಎಂದರು. ಒಳಗಿನಿಂದ ಒಂದು ಸದ್ದು ಬಂತು. ಮಾತಲ್ಲ. ಬಾಯಿ ತೆರೆದು ಹೊರಡಿಸಿದ ದನಿ. ಎರಡನೆಯ ಸಲ ಇನ್ನೂ ಜೋರಾಗಿ ಬಂತು. ಯಾರೋ ಒಳಗಿನ ಬಾಗಿಲು ಎಳೆದುಕೊಂಡರು. ಅಣ್ಣ, “ಬಸ್ಸಿಗೆ ಹೊತ್ತಾಗ್ತದೆ” ಎಂದರು.

ವಾಪಸು ಬರುವಾಗ ಹರಿಹರಪುರ ದಾಟಿದ ಮೇಲೆ ನಾನು ಭಟ್ಟರಿಗೆ ಕ್ಷಮಿಸಿ ಎಂದೆ. “ನೀವೆಂತ ಮಾಡ್ತೀರಿ ತಂಗಿ. ಕೇಳಿಸ್ತಲ್ಲ ನಿಮ್ಗೂ? ಅಂವ ನನ್ನ ದನಿ ಗುರ್ತು ಹಿಡ್ದ” ಎಂದರು. ಕೊಪ್ಪದಲ್ಲಿ ಇಳಿದು, ಸಂಜೆಗೆ ತರಕಾರಿ ತೆಗೆದುಕೊಳ್ಳಬೇಕೆಂದು ಹೊರಟುಹೋದರು.

ಮನೆಗೆ ಬಂದು ಅಪ್ಪಯ್ಯನಿಗೆ ಎಲ್ಲ ಹೇಳಿದೆ. ಸುಳ್ಳು ಹೇಳಿ ಹೋದದ್ದನ್ನೂ, ಅಲ್ಲಿ ಬಾಯಿಬಿಡದೆ ಬಂದದ್ದನ್ನೂ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದಿಟ್ಟು, “ಜೋಡಿ ಭಟ್ರು ಅಂತ ನಾನೂ ನಗಾಡಿದ್ದೇನೆ ಮಗಾ” ಎಂದರು. ಮರುದಿನ ತಾವೇ ನೆಮ್ಮಾರಿಗೆ ಒಂದು ಕಾಗದ ಬರೆದರು, ಮುತ್ತಿನಂಥ ಅಕ್ಷರದಲ್ಲಿ, ದಯಮಾಡಿ ಒಮ್ಮೆ ನೋಡಲು ಬಿಡಬೇಕೆಂದು. ಅದಕ್ಕೆ ಉತ್ತರ ಬರಲಿಲ್ಲ.

ಮೂರು ವಾರದ ನಂತರ ಸಿಹಿ ಭಟ್ಟರು ತೀರಿಕೊಂಡರು. ಖಾರ ಭಟ್ಟರಿಗೆ ಸುದ್ದಿ ಮುಟ್ಟಿದ್ದು ಮಾರನೆಯ ದಿನ, ಮಾರ್ಕೆಟ್ಟಿನಲ್ಲಿ, ಸುವರ್ಣಗೆಡ್ಡೆ ಕೊಳ್ಳುವಾಗ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಹದಿಮೂರನೆಯ ದಿನದ ಊಟಕ್ಕೆ ಅಪ್ಪಯ್ಯನಿಗೂ ಕರೆ ಬಂತು. ಆ ಕಾಗದಕ್ಕೆ ಅದೇ ಉತ್ತರವಿರಬಹುದು. ನಾನೂ ಹೋದೆ. ಅಂಗಳದ ಹಿಂದೆ ತಟ್ಟಿ ಕಟ್ಟಿದ ಅಡುಗೆ ಚಪ್ಪರದಲ್ಲಿ ಒಲೆಯ ಮುಂದೆ ನಿಂತಿದ್ದವರು ಖಾರ ಭಟ್ಟರು.

ನಾನು ಹತ್ತಿರ ಹೋದೆ. ಅವರು ಸೌಟು ಬಿಡದೆಯೇ ಹೇಳಿದರು. ಮೊನ್ನೆ ಅಣ್ಣ ತಾವಾಗಿ ಕೊಪ್ಪದ ಮನೆಗೆ ಬಂದರಂತೆ. ಹದಿಮೂರರ ದಿನ ತೀರಿಹೋದವರಿಗೆ ಇಷ್ಟವಾದದ್ದನ್ನು ಮಾಡಿ ಬಡಿಸಬೇಕಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲೇ ಮನೆ ಬಿಟ್ಟವನಿಗೆ ಏನು ಇಷ್ಟ ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೋಳಿಗೆ ಇರಬಹುದೇ ಎಂದು ಅವರವರಲ್ಲೇ ಮಾತಾಗಿ ಕೊನೆಗೆ ಇವರನ್ನು ಕೇಳಲು ಬಂದಿದ್ದರು. “ನಿಮಗೆ ಗೊತ್ತಿರ್ತದೆ, ನೀವೇ ಬಂದು ಮಾಡಿ ಅಂದ್ರು. ಅಂವ ಸಿಹಿ ಮುಟ್ಟಿದವನೇ ಅಲ್ಲ ತಂಗಿ. ದಿನವಿಡೀ ಪಾಕದ ಮುಂದೆ ಕೂತು ವಾಕರಿಕೆ ಅಂತಿದ್ದ. ಹಾಗಲಕಾಯಿ ಗೊಜ್ಜು, ಅದೊಂದಿದ್ರೆ ಸಾಕು.” ಉಪ್ಪು ನೋಡಿ ಇನ್ನೊಂದು ಚಿಟಿಕೆ ಹಾಕಿದರು. “ಬೆಳಿಗ್ಗೆ ಸಾಮಾನು ತರ್ಲಿಕ್ಕೆ ಅಂತ ಒಳಗೆ ಹೋದೆ. ಅಂವ ಮಲಗಿದ್ದ ಕೋಣೆ ದಾಟಿಯೇ ಉಗ್ರಾಣಕ್ಕೆ ಹೋಗ್ಬೇಕು. ಯಾರೂ ಬೇಡ ಅನ್ಲಿಲ್ಲ. ನಿಮ್ಮ ಕಾಗ್ದ ಬೇಕಾಗ್ಲೇ ಇಲ್ಲ ನೋಡಿ.”

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೋಗಿ ಪಂಕ್ತಿಯಲ್ಲಿ ಅಪ್ಪಯ್ಯನ ಪಕ್ಕ ಕೂತೆ. ಎಲೆಗೆ ಉಪ್ಪು, ಕೋಸಂಬರಿ, ಪಲ್ಯ ಬಂದವು. ಗೊಜ್ಜಿನ ಪಾತ್ರೆಯನ್ನು ಖಾರ ಭಟ್ಟರು ಬೇರೆಯವರ ಕೈಗೆ ಕೊಡದೆ ತಾವೇ ಹಿಡಿದು ಬಡಿಸುತ್ತ ಬಂದರು. ಅವರ ಹಿಂದೆಯೇ ಅಣ್ಣ ಕೈಮುಗಿದುಕೊಂಡು, ನಿಧಾನವಾಗಿ ಊಟ ಮಾಡಿ ಎಂದು ಉಪಚರಿಸುತ್ತ ಬಂದರು. ನಮ್ಮ ಎಲೆಗಳ ಮುಂದೆ ನಿಂತು ಅಪ್ಪಯ್ಯನಿಗೆ ಹೇಳಿದರು.

“ಗೊಜ್ಜು ಹಾಕಿಸ್ಕೊಳ್ಳಿ. ನಮ್ಮ ತಮ್ಮನಿಗೆ ಇದು ಅಂದ್ರೆ ಪ್ರಾಣ, ಚಿಕ್ಕಂದಿನಿಂದ್ಲೂ. ಅಲ್ವಾ ಭಟ್ರೆ?”

ಭಟ್ಟರು ನನ್ನ ಎಲೆಗೆ ಬಾಗಿದ್ದರು. “ಹೌದು, ಹೌದು” ಎಂದರು. ಒಂದು ಸೌಟು ಬಡಿಸಿ ಮುಂದಿನ ಎಲೆಗೆ ಹೋದರು.